ಹಣೆಯ ಮೇಲೆ ಬರೆದ ಸಿಂಹ

ಮಗಳ ಕಾರ್ಡುಗಳನ್ನು ಕೈಯಲ್ಲಿ ಹಿಡಿದುಕೊಂಡು ಅವಳಿಂದ ಪಾಠ ಒಪ್ಪಿಸಿಕೊಳ್ಳುವುದು ಆ ಚಳಿಗಾಲದಲ್ಲಿ ನನ್ನ ಕೆಲಸವಾಗಿತ್ತು. ಅವಳು ಡರ್ಹಮ್‌ನ ಒಂದು ಕಾಲೇಜಿನಲ್ಲಿ ನರ್ಸಿಂಗ್‌ಗೆ ಸೇರಿದ್ದಳು. ಕರೋನಾ ಬಂದು ತರಗತಿಗಳೆಲ್ಲ ಲ್ಯಾಪ್‌ಟಾಪಿನೊಳಗೆ ಸೇರಿಕೊಂಡಿದ್ದವು. ನಾನು ಅಡುಗೆ ಮಾಡುವ ಹೋಟೆಲು ಕಂಪನಿಗಳೇ ತುಂಬಿರುವ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಹತ್ತಿರ. ಮಧ್ಯಾಹ್ನದ ಊಟಕ್ಕೆ ಸಾಲುಗಟ್ಟುತ್ತಿದ್ದ ಕಂಪ್ಯೂಟರ್ ಜನವೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡುವಂತಾದ ಮೇಲೆ ಓನರ್ ನನಗೆ ಬೆಳಗಿನ ಪಾಳಿ ಮಾತ್ರ ಉಳಿಸಿದರು. ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಮಧ್ಯಾಹ್ನ ಎರಡು ಗಂಟೆಗೆ ನಾನು ಮನೆಯಲ್ಲಿದ್ದೆ. ದುಡಿಯುವ ಕೈ ಸುಮ್ಮನೆ ಕೂತರೆ ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ.

"ಅಪ್ಪ, ಈ ಕಾರ್ಡ್ಸ್ ಹಿಡ್ಕೊ. ನೀನು ವರ್ಡ್ ಓದು, ನಾನು ಮೀನಿಂಗ್ ಹೇಳ್ತೀನಿ," ಅಂದಳು ಒಂದು ದಿನ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದನ್ನು ಕಲಿತದ್ದು ಸಾಮಾನಿನ ಡಬ್ಬಗಳ ಮೇಲೆ. ಆದರೆ ಆ ಕಾರ್ಡುಗಳಲ್ಲಿದ್ದದ್ದು ಇಂಗ್ಲಿಷೂ ಅಲ್ಲ, ಗ್ರೀಕ್ ಅಂತೆ. ರೋಗಗಳ ಹೆಸರೆಲ್ಲ ಎಷ್ಟೋ ಸಾವಿರ ವರ್ಷದ ಹಿಂದೆ ಗ್ರೀಕರು ಇಟ್ಟದ್ದು, ಮೂಲ ಗೊತ್ತಿದ್ದರೆ ಮರೆಯುವುದಿಲ್ಲ ಅಂತ ಅವಳ ಟೀಚರ್ ಪ್ರತಿ ಹೆಸರಿನ ಹಿಂದೆ ಅದರ ಹಳೆಯ ಅರ್ಥ ಬರೆಸುತ್ತಿದ್ದರು. ಆ ವಾರ ಚರ್ಮದ ಪಾಠ. ಗುಳ್ಳೆ, ಹುಣ್ಣು, ಕಜ್ಜಿಗಳ ಸರದಿ.

ನಾನು ತಡವರಿಸಿಕೊಂಡು ಓದಿದೆ: "ಪೆಂಫಿಕ್ಸ್."

"ಬಬಲ್. ಗುಳ್ಳೆ. ಗಾಳಿ ತುಂಬಿದ್ದು."

"ಪೂರಿ ಉಬ್ಬಿದ ಹಾಗೆ?"

"ಯಾ, ಪೂರಿ ಥರ. ನೆಕ್ಸ್ಟ್."

"ಎಕ್ಜಿಮಾ."

"ಬಾಯ್ಲ್ ಆಗಿ ಹೊರಗೆ ಬರೋದು. ಹಾಲು ಬರತ್ತಲ್ಲ?"

"ಉಕ್ಕೋದು ಅನ್ನು."

"ಉಕ್ಕೋದು," ಅಂದಳು ಅವಳು, ನಾಲಿಗೆಯನ್ನು ಸರಿಮಾಡಿಕೊಂಡು.

ಆಂಥ್ರಾಕ್ಸ್ ಅಂದರೆ ಇದ್ದಿಲು. ಆ ಹುಣ್ಣಿನ ನಡುಭಾಗ ಇದ್ದಿಲಿನ ಹಾಗೆ ಕಪ್ಪಾಗುತ್ತದಂತೆ. ಮೈಮೇಲೆ ಕೆಂಪು ದದ್ದು ಏಳುವುದಕ್ಕೆ ಅವರು ಎಕ್ಸಾಂಥೆಮಾ ಅಂದರು, ಹೂವು ಅರಳುವುದು ಅಂತ. ಹುಣ್ಣಿಗೆ ಹೆಲ್ಕೋಸ್. ನನಗೆ ಖುಷಿಯೋ ಖುಷಿ. ಪೂರಿ, ಹಾಲು, ಇದ್ದಿಲು. "ಇವರು ಆಸ್ಪತ್ರೇಲಿ ಕೂತು ಹೆಸರಿಟ್ಟವರಲ್ಲ ಕಣೇ, ಒಲೆ ಮುಂದೆ ಕೂತು ಇಟ್ಟವರು," ಅಂದೆ.

ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ನನ್ನ ಹೆಂಡತಿ ತಲೆ ಎತ್ತಲಿಲ್ಲ. "ನಿಮ್ಮ ಕೈ ನೋಡಿ ಇಟ್ಟಿರ್ಬೇಕು," ಅಂದಳು.

ನನ್ನ ಮುಂಗೈ ತುಂಬ ಎಣ್ಣೆ ಸಿಡಿದ ಬೊಬ್ಬೆಗಳ ಗುರುತು. ಅವಳ ಕೈ ಮಾತ್ರ ನುಣುಪು. ಸುತ್ತಮುತ್ತಲ ಕನ್ನಡದ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಹೊಲಿಗೆಯಾಗುತ್ತಿದ್ದವು. ಸೂಜಿಗೆ ದಾರ ಪೋಣಿಸುವಾಗ ಅವಳು ಕಣ್ಣು ಕಿರಿದು ಮಾಡಿದ್ದನ್ನು ಸಹ ನಾನು ನೋಡಿದವನಲ್ಲ. ಒಂದೇ ಸಲಕ್ಕೆ ಹೋಗುತ್ತಿತ್ತು.

ಅದಾದ ಮೇಲಿನ ಕಾರ್ಡು ಎರಡು ಪದದ್ದು. ಹರ್ಪೀಸ್ ಝೋಸ್ಟರ್.

"ಹರ್ಪೀಸ್ ಅಂದ್ರೆ ಕ್ರೀಪ್. ತೆವಳೋದು. ಸ್ನೇಕ್ ಹೋಗತ್ತಲ್ಲ, ಹಾಗೆ. ಝೋಸ್ಟರ್ ಅಂದ್ರೆ ಬೆಲ್ಟ್. ಸೊಂಟದ ಸುತ್ತ ಬರತ್ತೆ."

ನಾನು ಕಾರ್ಡನ್ನು ಮೇಜಿನ ಮೇಲಿಟ್ಟೆ. "ಇದು ಸರ್ಪಸುತ್ತು," ಅಂದೆ. "ಇದು ನನಗೆ ಗೊತ್ತು."

ಗೊತ್ತು ಅಂದದ್ದು ಸುಳ್ಳಲ್ಲ. ನಮ್ಮದು ಮೈಸೂರು ಕಡೆಯ ಕುಂಬಾರರ ಮನೆ. ಮಡಕೆಗೆ ಕೆಂಪು ಕೊಡಲು ನಾವು ಬಳಸುವ ಮಣ್ಣಿಗೆ ಜಾಜು ಎನ್ನುತ್ತೇವೆ. ಆ ಜಾಜಿನಿಂದಲೇ ನಮ್ಮಪ್ಪ ಸರ್ಪಸುತ್ತಿಗೆ ಬರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಜನ ಬರುತ್ತಿದ್ದರು. ಬೆನ್ನಿಗೋ ಪಕ್ಕೆಗೋ ಸಾಲುಸಾಲು ಗುಳ್ಳೆ ಎದ್ದಿರುತ್ತಿತ್ತು. ಜಾಜನ್ನು ಗರಿಕೆಯ ರಸದಲ್ಲಿ ತೇಯ್ದು, ತೆಂಗಿನ ನಾರಿನ ಕುಂಚದಿಂದ ಗುಳ್ಳೆಗಳ ಮುಂದೆ ಅಪ್ಪ ಒಂದು ಸಿಂಹ ಬರೆಯುತ್ತಿದ್ದರು. ಸರ್ಪ ಹೊರಟ ದಿಕ್ಕಿಗೆ ಎದುರಾಗಿ ಸಿಂಹದ ಮುಖ. ಹಾವಿನ ತಲೆಯೂ ಬಾಲವೂ ಕೂಡುವ ಮೊದಲೇ ಸಿಂಹ ಅಡ್ಡ ನಿಲ್ಲಬೇಕು, ಕೂಡಿದರೆ ಪ್ರಾಣ ಉಳಿಯುವುದಿಲ್ಲ ಎಂಬ ನಂಬಿಕೆ. ಶಾಲೆ ಬಿಟ್ಟು ಮಣ್ಣು ತುಳಿಯಲು ನಿಂತ ವರ್ಷವೇ ನಾನು ಸಿಂಹ ಬರೆಯುವುದನ್ನು ಕಲಿತೆ. ಅಪ್ಪನಿಗಿಂತ ನನ್ನ ಕೈಯ ಸಿಂಹವೇ ಚೆಂದ ಎಂದು ಜನ ಹೇಳುತ್ತಿದ್ದರು. ಅಪ್ಪ ತೀರಿಕೊಂಡಾಗ ನಾನು ಅಲ್ಲಿಂದ ತಂದದ್ದು ಒಂದೇ ವಸ್ತು, ಮುಷ್ಟಿಗಾತ್ರದ ಜಾಜಿನ ಗಡ್ಡೆ. ಅದು ಸ್ಟೀಲಿನ ಡಬ್ಬಿಯಲ್ಲಿ ದೇವರ ಗೂಡಿನ ಕೆಳಗಿತ್ತು.

ಈ ಕಥೆ ಕೇಳಿ ಮಗಳ ಕಣ್ಣು ದೊಡ್ಡದಾಯಿತು. "ಅಪ್ಪ, ದಟ್ಸ್ ಸೋ ಕೂಲ್. ಗ್ರೀಕ್ಸ್ ಕೂಡ ಸೇಮ್ ಥಿಂಗ್ ನೋಡಿದಾರೆ."

ಆ ಮಾತು ನನ್ನ ತಲೆಗೇರಿತು. ಓದಿದವರ ಪುಸ್ತಕದಲ್ಲಿ, ಎಷ್ಟೋ ಸಾವಿರ ವರ್ಷದ ಹಿಂದೆ, ನಮ್ಮಪ್ಪ ಹೇಳುತ್ತಿದ್ದುದೇ ಬರೆದಿದೆ. ತೆವಳುವುದು, ಸುತ್ತುವುದು. ಹೆಸರು ಒಂದೇ ಆದರೆ ಔಷಧಿಯೂ ಒಂದೇ ಇರಬೇಕು ಅಂತ ನನ್ನ ಬುದ್ಧಿಗೆ ತೋಚಿತು.

ಅದಕ್ಕೆ ತಕ್ಕ ಹಾಗೆ ಇನ್ನೊಂದು ಆಯಿತು. ನಮ್ಮ ಹೋಟೆಲಿಗೆ ಬರುತ್ತಿದ್ದ ಬೆಂಗಳೂರಿನ ಒಬ್ಬ ಇಂಜಿನಿಯರಿಗೆ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತು. ಅವರ ತಾಯಿ ಫೋನಿನಲ್ಲಿ ಯಾರಾದರೂ ಬರೆಯುವವರನ್ನು ಹುಡುಕು ಎಂದು ಹಟ ಹಿಡಿದರಂತೆ. ಆಸ್ಪತ್ರೆಗೆ ಕಾಲಿಡಲು ಎಲ್ಲರಿಗೂ ಭಯವಿದ್ದ ಕಾಲ. ನನಗೆ ಬರೆಯಲು ಬರುತ್ತದೆಂದು ಹೋಟೆಲಿನಲ್ಲಿ ಕೇಳಿದ್ದ ಇಂಜಿನಿಯರು ನನಗೆ ಫೋನ್ ಮಾಡಿದರು.

"ಅಣ್ಣ, ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೂ ಅಮ್ಮಂಗೆ ಒಂದು ಫೋಟೋ ಕಳಿಸ್ಬೇಕು. ಬಂದು ಬರ್ದ್‌ಬಿಡಿ."

ಅವರ ಗರಾಜಿನಲ್ಲಿ ಬಾಗಿಲು ತೆರೆದು, ಇಬ್ಬರೂ ಮಾಸ್ಕ್ ಹಾಕಿಕೊಂಡು, ಅವರು ಅಂಗಿ ಬಿಚ್ಚಿ ಚಳಿಗೆ ನಡುಗುತ್ತ ನಿಂತರು. ನಾನು ಬರೆದೆ. ಮೂರು ವಾರಕ್ಕೆ ಗುಳ್ಳೆ ಒಣಗಿದವು. ಅವು ಸಾಮಾನ್ಯವಾಗಿ ತಾವಾಗಿಯೇ ಒಣಗುತ್ತವೆ ಎಂದು ಆಗ ನನಗೆ ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ನಂಬಿಕೆ ಇಲ್ಲ ಅಂದವರೇ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದರು. ಹುಡುಗರೆಲ್ಲ ನನ್ನನ್ನು "ಲಯನ್ ಅಂಕಲ್" ಅನ್ನತೊಡಗಿದರು. ನಾನು ಬೇಡ ಅನ್ನುತ್ತಿದ್ದೆ, ಆದರೆ ಒಳಗೊಳಗೇ ಹಿಗ್ಗುತ್ತಿದ್ದೆ. ಇಷ್ಟು ಓದಿದವರು, ದೋಸೆ ಹುಯ್ಯುವವನ ಮುಂದೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

ಫೆಬ್ರವರಿಯಲ್ಲಿ ನನ್ನ ಹೆಂಡತಿಗೆ ಹಣೆಯ ಬಲಭಾಗ ಉರಿಯತೊಡಗಿತು. ಬಾಚಣಿಗೆ ತಾಕಿದರೆ ಕೆಂಡ ತಾಕಿದ ಹಾಗೆ ಅಂದಳು. ಮಾರನೆಯ ಬೆಳಿಗ್ಗೆ ಕೂದಲಿನ ಅಂಚಿನಿಂದ ಹುಬ್ಬಿನವರೆಗೆ ನೀರುಗುಳ್ಳೆ. ಬಲಕ್ಕೆ ಮಾತ್ರ. ಹಣೆಯ ನಡುವೆ ಗೆರೆ ಎಳೆದಂತೆ ನಿಂತಿತ್ತು.

"ರೀ, ಡಾಕ್ಟ್ರಿಗೆ ತೋರಿಸೋಣ್ವಾ?"

"ಅದೇನು ಅಂತ ನಂಗೆ ಗೊತ್ತಿಲ್ವಾ? ಸರ್ಪಸುತ್ತು. ಅಲ್ಲಿಗೆ ಹೋಗಿ ಕರೋನಾ ಹಚ್ಕೊಂಡು ಬರ್ಬೇಕಾ?"

ಮಗಳು ರೂಮಿನಿಂದ ಬಂದು ನೋಡಿದಳು. "ಅಪ್ಪ, ಇದು ಬೆಲ್ಟ್ ಅಲ್ವಲ್ಲ. ಫೇಸ್ ಮೇಲಿದೆ. ಕಾಲ್ ಮಾಡೋಣ."

"ನೀನು ಕಾರ್ಡ್ ಓದ್ತಿರೋದು ನಾಲ್ಕು ತಿಂಗಳಿಂದ. ನಾನು ಇದನ್ನ ನೋಡ್ತಿರೋದು ನಿನಗಿಂತ ಚಿಕ್ಕವನಿದ್ದಾಗಿನಿಂದ."

ಅವಳು ರೂಮಿಗೆ ವಾಪಸು ಹೋದಳು. ಚಿಕಿತ್ಸೆಯ ಪಾಠ ಅವಳಿಗೆ ಇನ್ನೂ ಬಂದಿರಲಿಲ್ಲ. ನಂತರ ಎಷ್ಟೋ ಸಲ ಅವಳು ಇದನ್ನೇ ಹೇಳಿದ್ದಾಳೆ, ಐ ಓನ್ಲಿ ನ್ಯೂ ದ ವರ್ಡ್, ಅಪ್ಪ, ಅಂತ. ಅವಳಿಗೆ ಗ್ರೀಕಿನ ಹೆಸರು ಗೊತ್ತಿತ್ತು, ನನಗೆ ಕನ್ನಡದ್ದು ಗೊತ್ತಿತ್ತು. ಮನೆಯಲ್ಲಿ ಆ ಹೊತ್ತಿಗೆ ಇದ್ದದ್ದು ಅಷ್ಟೇ.

ಜಾಜು ತೇಯ್ದೆ. ಗರಿಕೆ ಎಲ್ಲಿ ತರಲಿ, ಹೊರಗೆ ಹುಲ್ಲೆಲ್ಲ ಸತ್ತು ಬೂದಿಬಣ್ಣವಾಗಿತ್ತು, ಬರೀ ನೀರಿನಲ್ಲೇ ತೇಯ್ದೆ. ಅವಳು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಆನಿಸಿ ಕೂತಳು. ಹುಬ್ಬಿನ ಮೇಲೆ, ಕಣ್ಣಿಗೆ ಇಳಿಯುವ ದಾರಿಗೆ ಅಡ್ಡವಾಗಿ ಸಿಂಹ ಬರೆದೆ. ಬಹಳ ಚೆಂದ ಬಂತು. ಕೇಸರ ಒಂದೊಂದು ಎಳೆ ಬಿಡಿಸಿದೆ. ಕನ್ನಡಿ ಹಿಡಿದೆ. ಅವಳು ನೋಡಿಕೊಂಡು ನಕ್ಕಳು. "ಸಿಂಹಕ್ಕೆ ನಿಮ್ಮ ಮೀಸೆ ಬಂದಿದೆ," ಅಂದಳು.

ಎರಡನೆಯ ದಿನ ರೆಪ್ಪೆ ಊದಿತು. ಸರ್ಪ ಹೋಗುವ ಮುಂಚೆ ಒಂದು ಸಲ ಕೆರಳುತ್ತದೆ ಅಂದೆ. ನಮ್ಮಪ್ಪ ಹಾಗೆ ಹೇಳುತ್ತಿದ್ದರು. ಮೂರನೆಯ ದಿನ ಬೆಳಕು ಕಂಡರೆ ಆಗುವುದಿಲ್ಲ ಅಂತ ಅವಳು ಬ್ಲೈಂಡ್ಸ್ ಎಳೆದುಕೊಂಡು ಮಲಗಿದಳು. ನಾನು ಸಿಂಹದ ಗೆರೆ ಮಾಸಿದ ಕಡೆ ಮತ್ತೆ ತಿದ್ದಿ ಕೆಲಸಕ್ಕೆ ಹೋದೆ. ರಜೆ ಹಾಕುವುದು ನನ್ನ ಅಭ್ಯಾಸವಲ್ಲ. ನಾಲ್ಕನೆಯ ದಿನ ಅವಳ ಮೂಗಿನ ತುದಿಯಲ್ಲಿ ಒಂದು ಗುಳ್ಳೆ ಎದ್ದಿತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ನನಗೆ ಅದು ಲೆಕ್ಕಕ್ಕೇ ಬರಲಿಲ್ಲ. ಮಗಳು ಕ್ಲಾಸಿನ ಕೊನೆಯಲ್ಲಿ ಟೀಚರಿಗೆ ಅಮ್ಮನ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: ಮೂಗಿನ ಮೇಲೆ ಏನಾದರೂ ಇದೆಯಾ?

ನನಗೆ ಫೋನ್ ಬಂದಾಗ ನಾನು ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದೆ. "ಅಪ್ಪ, ನೋಸ್ ಮೇಲೆ ಬಂದ್ರೆ ಕಣ್ಣಿಗೂ ಹೋಗಿರತ್ತಂತೆ. ಒಂದೇ ನರ್ವ್. ಇವತ್ತೇ ಹೋಗ್ಬೇಕು. ಅಮ್ಮನ್ನ ಕರ್ಕೊಂಡು ನಾನು ಡ್ರೈವ್ ಮಾಡ್ತಿದೀನಿ, ನೀನು ಹಾಸ್ಪಿಟಲ್‌ಗೇ ಬಾ."

ಆಸ್ಪತ್ರೆಯವರು ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಮಗಳೇ ಹೋದಳು, ಮಾತಾಡಲು ಅವಳೇ ಬೇಕಲ್ಲ. ನಾನು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತೆ. ಬಟ್ಟೆಯಿಂದ ಇಂಗಿನ ವಾಸನೆ ಬರುತ್ತಿತ್ತು. ಐವತ್ತು ಜನರಿಗೆ ಒಬ್ಬನೇ ಬಡಿಸಬಲ್ಲ ಎರಡು ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ಕಾದೆ. ಮಗಳು ಒಂದು ಫೋಟೋ ಕಳಿಸಿದಳು. ಕಣ್ಣಿಗೆ ಏನೋ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟಿದ್ದರು. ಕರಿಯ ಗುಡ್ಡೆಯ ಮೇಲೆ ಹಸಿರಾಗಿ ಹೊಳೆಯುವ ಒಂದು ಪುಟ್ಟ ಮರ. ಕೊಂಬೆ ಕೊಂಬೆ ಕವಲೊಡೆದಿತ್ತು. ಕೆಳಗೆ ಅವಳು ಬರೆದಿದ್ದಳು: ಇದಕ್ಕೂ ಗ್ರೀಕ್ ವರ್ಡ್ ಇದೆ ಅಪ್ಪ. ಡೆಂಡ್ರಾನ್. ಟ್ರೀ.

ಈ ಸಲ ನನಗೆ ಖುಷಿಯಾಗಲಿಲ್ಲ.

ಮುಂದಿನ ವಾರ ನನ್ನನ್ನೂ ಒಳಗೆ ಬಿಟ್ಟರು. ಕಣ್ಣಿನ ಡಾಕ್ಟರ್ ಮೃದು ಮಾತಿನ ಹೆಂಗಸು. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು ಎಂದು ವಿವರಿಸಿದರು. ನೀವು ತಡ ಮಾಡಿದಿರಿ ಎಂದು ಅವರು ಹೇಳಲಿಲ್ಲ. ಹಣೆಯ ಮೇಲೆ ಚರ್ಮದ ಗೆರೆಗಳಲ್ಲಿ ಇನ್ನೂ ಕೆಂಪು ಉಳಿದಿತ್ತು. ಅದು ಏನು ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು.

"ಇಟ್ಸ್ ಕ್ಲೇ," ಅಂದಳು. "ಫ್ಯಾಮಿಲಿ ರೆಮಿಡಿ."

ಡಾಕ್ಟರ್ ತಲೆಯಾಡಿಸಿ ಬರೆದುಕೊಂಡರು. ಅವರು ಬೈದಿದ್ದರೆ ನನಗೆ ಒಂದಿಷ್ಟು ಹಗುರವಾಗುತ್ತಿತ್ತು. ಆಮೇಲೆ ಅವರು ಹತ್ತಿಯ ಒಂದು ಎಳೆಯನ್ನು ಹುರಿ ಮಾಡಿ ನನ್ನ ಹೆಂಡತಿಯ ಎಡಗಣ್ಣಿಗೆ ತಾಗಿಸಿದರು. ಅವಳು ಥಟ್ಟನೆ ಮುಚ್ಚಿಕೊಂಡಳು. ಬಲಗಣ್ಣಿಗೆ ತಾಗಿಸಿದರು. ಅವಳು ಹಾಗೇ ನೋಡುತ್ತ ಕೂತಿದ್ದಳು. ಹತ್ತಿ ಕಣ್ಣಿನ ಗುಡ್ಡೆಯ ಮೇಲೇ ಇತ್ತು. "ತಾಗಿಸಿದ್ರಾ?" ಅಂತ ಕನ್ನಡದಲ್ಲೇ ಕೇಳಿದಳು.

ಕಣ್ಣಿಗೆ ನೋವು ತಿಳಿಯುವುದು ನಿಂತುಹೋಗಿತ್ತು. ಅದರ ಮೇಲಿನ ಹಣೆಗೆ ನೋವು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ.

ಔಷಧಿ ಹಾಕಿದೆವು. ಗಂಟೆಗೊಂದು ಸಲ ಹನಿ, ರಾತ್ರಿ ಮುಲಾಮು. ನಾನು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಒಂದು ಹೊತ್ತೂ ತಪ್ಪಿಸಲಿಲ್ಲ. ದುಡಿಮೆಯಿಂದ ಆಗುವ ಕೆಲಸವಾಗಿದ್ದರೆ ಆ ಕಣ್ಣು ಬರಬೇಕಿತ್ತು. ಮರ ಮಾಯವಾಯಿತು, ಅದು ನಿಂತಿದ್ದ ಜಾಗದಲ್ಲಿ ಬಿಳಿಯ ಮಚ್ಚೆ ಉಳಿಯಿತು. ಬೆಣ್ಣೆ ಕಾಗದದ ಆಚೆಗಿರುವ ಹಾಗೆ ಕಾಣುತ್ತೀರಿ ಅನ್ನುತ್ತಿದ್ದಳು. ನಿಧಾನಕ್ಕೆ ಸರಿಹೋಗುತ್ತದೆ ಎಂದು ನಾನು ಹೇಳುತ್ತಿದ್ದೆ. ಹೇಳಿ ಹೇಳಿ ನಾನೇ ನಂಬಿದ್ದೆ.

ಜನ ಮತ್ತೆ ಓಡಾಡತೊಡಗಿದ ಮೇಲೆ ಒಂದು ಶನಿವಾರ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋದೆವು. ನಾಲ್ಕೂವರೆ ಗಂಟೆಯ ದಾರಿ. ಅವಳು ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದಳು. ಮಂಗಳಾರತಿ ಆಯಿತು. ಅರ್ಚಕರು ತಟ್ಟೆ ಹಿಡಿದು ಸಾಲಿನ ಉದ್ದಕ್ಕೂ ಬಂದರು. ಅವಳು ಕನ್ನಡಕ ತೆಗೆದು, ಎಲ್ಲರ ಹಾಗೆ ಎರಡೂ ಕೈ ಚಾಚಿ, ನೇರವಾಗಿ ಉರಿಯೊಳಗೇ ಇಟ್ಟಳು. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ.

"ಅಮ್ಮ, ಸ್ವಲ್ಪ ದೂರ," ಅಂದರು ಅರ್ಚಕರು, ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು.

"ದೂರವೇ ಇತ್ತಲ್ಲ," ಅಂದಳು ಅವಳು, ಗೊಂದಲದಿಂದ.

ಒಂದೇ ಕಣ್ಣಿನಲ್ಲಿ ನೋಡಿದರೆ ಹತ್ತಿರ ಯಾವುದು ದೂರ ಯಾವುದು ಗೊತ್ತಾಗುವುದಿಲ್ಲವಂತೆ. ಹೊರಗೆ ನಲ್ಲಿಯ ಕೆಳಗೆ ಅವಳ ಕೈ ಹಿಡಿದೆ. ಆ ನುಣುಪಾದ ಎರಡು ಬೆರಳ ತುದಿಯಲ್ಲಿ ನಾನು ನೋಡುತ್ತಿದ್ದ ಹಾಗೇ ಬೊಬ್ಬೆ ಎದ್ದವು. ಪೂರಿ ಉಬ್ಬಿದ ಹಾಗೆ. ಈ ಕಣ್ಣು ಇನ್ನು ಬರುವುದಿಲ್ಲ ಎಂದು ನನಗೆ ತಿಳಿದದ್ದು ಆ ನಲ್ಲಿಯ ಹತ್ತಿರ. ಡಾಕ್ಟರ್ ಅದನ್ನು ಎಷ್ಟೋ ಸಲ ಹೇಳಿದ್ದರು. ನನಗೆ ಇಂಗ್ಲಿಷ್ ಅರ್ಥವಾಗಲಿಲ್ಲ ಎಂದುಕೊಂಡಿದ್ದೆ, ಅರ್ಥವಾಗಿತ್ತು.

ಮನೆಗೆ ಬಂದ ಮೇಲೆ ಹೊಲಿಗೆಗೆ ಬಂದಿದ್ದ ಬಟ್ಟೆಗಳನ್ನು ಅವಳು ಒಂದೊಂದಾಗಿ ವಾಪಸು ಕೊಟ್ಟಳು. ದಾರ ಪೋಣಿಸುವ ಪುಟ್ಟ ಸಾಧನವನ್ನು ಮಗಳು ತಂದುಕೊಟ್ಟಿದ್ದಳು. ಅದರಲ್ಲಿ ದಾರವೇನೋ ಹೋಗುತ್ತಿತ್ತು. ಹೊಲಿಗೆ ಸಾಲು ತಪ್ಪುತ್ತಿತ್ತು. ನನಗೆ ಅವಳು ಒಂದು ಮಾತೂ ಅನ್ನಲಿಲ್ಲ. ಒಂದು ಸಲ ಮಾತ್ರ, ಮೆಷಿನ್ನಿಗೆ ಬಟ್ಟೆ ಮುಚ್ಚುತ್ತ, "ಅವತ್ತು ನಾನೇ ಗಟ್ಟಿಯಾಗಿ ಹೇಳ್ಬೇಕಿತ್ತು," ಅಂದಳು. ಅದು ನನ್ನನ್ನು ಬೈದದ್ದಕ್ಕಿಂತ ಹೆಚ್ಚಾಯಿತು. ನಾನು ಜಾಜಿನ ಡಬ್ಬಿಯನ್ನು ಗರಾಜಿನಲ್ಲಿ ಪೇಂಟ್ ಡಬ್ಬಗಳ ಹಿಂದೆ ಇಟ್ಟೆ. ಅಪ್ಪನ ವಸ್ತು, ಎಸೆಯಲು ಕೈ ಬರಲಿಲ್ಲ. ಯಾರಾದರೂ ಬರೆಯಲು ಕರೆದರೆ "ಮೊದಲು ಡಾಕ್ಟರ ಹತ್ತಿರ ಹೋಗಿ, ಇವತ್ತೇ ಹೋಗಿ" ಎಂದು ಫೋನ್ ಇಡುತ್ತಿದ್ದೆ. ಲಯನ್ ಅಂಕಲ್ ಎನ್ನುವುದು ನಿಧಾನಕ್ಕೆ ನಿಂತಿತು.

ಹಣೆಯ ಉರಿ ಮಾತ್ರ ನಿಲ್ಲಲಿಲ್ಲ. ಗುಳ್ಳೆ ಹೋಗಿ ವರ್ಷಗಳಾದರೂ ನರದೊಳಗೆ ಅದು ಉಳಿದಿದೆಯಂತೆ. ಮಾತ್ರೆ, ಅಂಟಿಸುವ ಪಟ್ಟಿ, ಇಂಜೆಕ್ಷನ್, ಎಲ್ಲ ಆಯಿತು. ಕುಂಕುಮ ಇಟ್ಟರೆ ಉರಿ, ಫ್ಯಾನಿನ ಗಾಳಿ ತಾಗಿದರೆ ಉರಿ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಹಣೆಯನ್ನು ಫ್ರಿಜ್ಜಿನ ಬಾಗಿಲಿಗೆ ಒತ್ತಿಕೊಂಡಿದ್ದಳು. ನಾನು ಏನು ಮಾಡಲಿ ಎಂದು ಕೇಳಿದೆ. ಹೀಗೆ ಕೇಳಿ ಕೇಳಿ ಅದು ಕೆಮ್ಮಿನ ಹಾಗೆ ಅಭ್ಯಾಸವಾಗಿದೆ.

"ಜಾಜು ಎಲ್ಲಿಟ್ಟಿದೀರಿ?" ಅಂದಳು.

ನಾನು ಸಿಂಕಿನಲ್ಲಿ ಬಟ್ಟೆ ಒದ್ದೆ ಮಾಡಿ ಕೊಟ್ಟೆ, ಅವಳು ಅದನ್ನು ಪಕ್ಕಕ್ಕಿಟ್ಟಳು.

"ಅವತ್ತು ಬರೆದಾಗ ತಂಪಾಗಿತ್ತು ರೀ. ಅದಾದ್ಮೇಲೆ ಅಷ್ಟು ತಂಪು ಯಾವುದೂ ಆಗಿಲ್ಲ. ಬರೀರಿ."

"ಬೇಡ ಕಣೇ. ಮತ್ತೆ ಅದೇ ತಪ್ಪು ಮಾಡಿಸ್ಬೇಡ."

"ಇನ್ನೇನು ಹೋಗೋದಿದೆ?" ಅಂದಳು. ಕೋಪದಿಂದ ಅಲ್ಲ. ಸಾಮಾನಿನ ಪಟ್ಟಿ ಓದುವವಳ ಹಾಗೆ.

ಗರಾಜಿಗೆ ಹೋಗಿ ಡಬ್ಬಿ ತಂದೆ. ತಣ್ಣೀರಿನಲ್ಲಿ ತೇಯ್ದೆ. ಮಣ್ಣಿನ ವಾಸನೆ ಎದ್ದಿತು. ಕಣ್ಣಿನಿಂದ ಬಹಳ ಮೇಲೆ, ಕೂದಲಿನ ಅಂಚಿಗೆ ಹತ್ತಿರ ಬರೆದೆ. ತಲೆ, ಮೈ, ಕಾಲು. ಯಾವುದನ್ನು ತಡೆಯಲಿ, ಯಾವ ದಿಕ್ಕಿಗೆ ಮುಖ ಮಾಡಲಿ ಎಂದು ನನಗೆ ಗೊತ್ತಿರಲಿಲ್ಲ. ಸಿಂಹ ನಾಯಿಮರಿಯ ಹಾಗೆ ಬಂತು. ಅವಳು ಕಣ್ಣು ಮುಚ್ಚಿದಳು. ಭುಜ ಸ್ವಲ್ಪ ಕೆಳಗಿಳಿಯಿತು.

ಅಷ್ಟರಲ್ಲಿ ಬಾಗಿಲು ತೆಗೆದು ಮಗಳು ಬಂದಳು. ಈಗ ಅವಳು ನರ್ಸ್, ಆಸ್ಪತ್ರೆಯ ಪಾಳಿ ಮುಗಿಸಿ ನೀಲಿ ಬಟ್ಟೆಯಲ್ಲೇ ಬಂದಿದ್ದಳು. ಅಮ್ಮನ ಹಣೆ ನೋಡಿದಳು. ನನ್ನ ಕೈಯ ಬಟ್ಟಲು ನೋಡಿದಳು. ನಾನು ಅಪರಾಧಿಯ ಹಾಗೆ ಎದ್ದು ನಿಂತೆ.

"ಅಮ್ಮನೇ ಕೇಳಿದ್ದು," ಅಂದೆ.

ಅವಳು ಕೈ ತೊಳೆದುಕೊಂಡು ಬಂದು, ಅಮ್ಮನ ಗಲ್ಲ ಎತ್ತಿ, ಬೆಳಕಿಗೆ ತಿರುಗಿಸಿ, ಕಣ್ಣಿನ ಹತ್ತಿರ ಏನೂ ಬಿದ್ದಿಲ್ಲ ಎಂದು ನೋಡಿಕೊಂಡಳು. "ಹೆಲ್ಪ್ ಆಗ್ತಿದ್ಯಾ ಅಮ್ಮ?"

"ಒದ್ದೆ ಇರೋವರೆಗೂ," ಅಂದಳು ಅವಳು.

ಮಗಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವಳಿಗೆ ಈಗ ಎಲ್ಲ ಪಾಠಗಳೂ ಮುಗಿದಿವೆ, ಔಷಧಿಗಳ ಹೆಸರೆಲ್ಲ ಬಾಯಿಗೆ ಬರುತ್ತದೆ. ಜುಲೈ ತಿಂಗಳ ಬಿಸಿಲಿಗೆ ಜಾಜು ಬೇಗ ಆರುತ್ತದೆ. ಸಿಂಹದ ಬೆನ್ನಿನ ಮೇಲೆ ಮೊದಲ ಬಿರುಕು ಬಿಟ್ಟಿತು.

"ಒಣಗ್ತು," ಅಂದಳು ನನ್ನ ಹೆಂಡತಿ.

ನಾನು ಕುಂಚ ಅದ್ದಿ ಮತ್ತೆ ಒದ್ದೆ ಮಾಡಿದೆ.